ಹನುಮಕ್ಕನ ಈರುಳ್ಳಿ ಮತ್ತು ನಿಂತುಹೋದ ಕರೆ

ಆ ದಿನ ಬೆಳಗ್ಗೆ ಹಳೇಬೀಡಿನ ಮೇಲೆ, ಸುರಿಯಬೇಕೋ ಬೇಡವೋ ಎಂದು ತೀರ್ಮಾನಿಸಲಾಗದ ಮಳೆಯೊಂದು ನಿಂತಿತ್ತು. ಕೆರೆಯ ಆಚೆ ದಡ ಮಂಜಿನಲ್ಲಿ ಅಳಿಸಿಹೋಗಿತ್ತು. ನಾಲ್ಕು ಹನಿ ಉದುರುವುದು, ಒಣಹಾಕಿದ್ದನ್ನೆಲ್ಲ ಹೆಂಗಸರು ಒಳಗೆಳೆಯುವುದು, ಅಷ್ಟರಲ್ಲಿ ಎಳೆಬಿಸಿಲು ಇಣುಕಿ ಎಲ್ಲರನ್ನೂ ಪೆದ್ದರನ್ನಾಗಿಸುವುದು. ಬಸ್ತಿಹಳ್ಳಿಯ ಬೀದಿಯಲ್ಲಿ ಹೊತ್ತು ಹುಟ್ಟಿದಾಗಿನಿಂದ ಇದೇ ಆಟ. ಬಸದಿಗಳೊಳಗಿನ ಜಿನರು ಮಾತ್ರ ಇದಾವುದಕ್ಕೂ ಕದಲದೆ ನಿಂತಿದ್ದರು. ಹಾಗೆ ನಿಲ್ಲಲು ನಮಗೆ ಇನ್ನೆಷ್ಟು ಜನ್ಮ ಬೇಕೋ! ಅಕಲಂಕಯ್ಯನವರಿಗಂತೂ ಆ ದಿನ ಕುಳಿತಲ್ಲಿ ಕೂರಲೂ ಆಗುತ್ತಿರಲಿಲ್ಲ.

ಅಕಲಂಕಯ್ಯ ಬಸ್ ನಿಲ್ದಾಣದ ಬಳಿ ತೆಂಗಿನಕಾಯಿ, ಕರ್ಪೂರ, ಊದುಬತ್ತಿ ಮಾರುವ ಪುಟ್ಟ ಅಂಗಡಿ ಇಟ್ಟುಕೊಂಡವರು. ಇರುವೆ ಕಂಡರೆ ಬಳಸಿ ನಡೆಯುವರು, ನೀರು ಸೋಸಿ ಕುಡಿಯುವರು, ಹೊತ್ತು ಮುಳುಗಿದ ಮೇಲೆ ಒಂದಗುಳು ಮುಟ್ಟರು. ನೆಲದೊಳಗೆ ಬೆಳೆಯುವ ಗೆಡ್ಡೆ, ಅದರಲ್ಲೂ ಈರುಳ್ಳಿ ಬೆಳ್ಳುಳ್ಳಿ, ಅವರ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಇಷ್ಟೆಲ್ಲ ಗೆದ್ದವರು ಹೊಸ ಮೊಬೈಲನ್ನು ಮಾತ್ರ ಗೆಲ್ಲಲಾರದೆ ಹೋದರು. ಅದರಲ್ಲಿ ಮುಖ ನೋಡಿಕೊಂಡು ಮಾತಾಡುವ ಆ್ಯಪನ್ನು ಮಗಳು ಹಾಕಿಕೊಟ್ಟಿದ್ದೇ ತಡ, ಪಕ್ಕದ ಬೀದಿಯವರಿಗೂ ಅದರಲ್ಲೇ ಕರೆ ಮಾಡತೊಡಗಿದರು.

ಮಗಳು ಸಿದ್ಧಿಗೆ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಜಿನೇಂದ್ರ ಅರಸೀಕೆರೆಯವನು, ರೈಲ್ವೆಯಲ್ಲಿ ಕೆಲಸ. ಹುಡುಗ ಹುಡುಗಿ ಬಸದಿಯ ಪೂಜೆಯೊಂದರಲ್ಲಿ ನೋಡಿಕೊಂಡು ಒಪ್ಪಿಯೂ ಆಗಿತ್ತು. ಇನ್ನು ಹಿರಿಯರು ಮಾತಾಡಿದರೆ ಮುಗಿಯಿತು. "ಬಸ್ಸು ಹತ್ತಿ ಹೋಗಿ ಮಾತಾಡ್ಕೊಂಡ್ ಬನ್ರೀ, ಇಲ್ಲೇ ಇರೋ ಅರಸೀಕೆರೆ" ಎಂದರು ಹೆಂಡತಿ ಧರ್ಮಾವತಿ.

"ಕಾಲ ಬದಲಾಗಿದೆ ಕಣೇ. ಈಗೆಲ್ಲ ಆನ್‌ಲೈನು. ಕೂತಲ್ಲಿಂದ್ಲೇ ಮುಗಿಸ್ತೀನಿ ನೋಡ್ತಿರು."

ಆ ಬೆಳಗ್ಗೆ ಬೇಲೂರಿನ ಬಸ್ಸಿಗೆ ಹೊರಟ ಸಿದ್ಧಿ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು. ಅವಳು ಅಲ್ಲಿನ ಸಹಕಾರ ಸಂಘವೊಂದರಲ್ಲಿ ಕೆಲಸಕ್ಕಿದ್ದಳು. "ಅಪ್ಪ, ನಾನು ಕೆಲಸ ಬಿಡಲ್ಲ. ಇದನ್ನ ಮೊದಲೇ ಹೇಳ್ಬಿಡಿ. ಆಮೇಲೆ ಬೇರೆ ಮಾತು."

"ಹೇಳ್ತೀನಿ ಕಣಮ್ಮ. ಅದನ್ನೇ ಮೊದಲು ಹೇಳ್ತೀನಿ."

ಹೇಳುವುದು ಸುಲಭವಿರಲಿಲ್ಲ. ಹುಡುಗನ ತಂದೆ ಪದ್ಮರಾಜಯ್ಯ ಕೊಬ್ಬರಿ ಮಂಡಿಯ ವ್ಯಾಪಾರಿ, ಆಚಾರದಲ್ಲಿ ಕಟ್ಟುನಿಟ್ಟು. ಯಾರದೋ ಮದುವೆಯಲ್ಲಿ ಸಾರಿಗೆ ಬೆಳ್ಳುಳ್ಳಿ ಬಿದ್ದಿದೆಯೆಂಬ ಅನುಮಾನ ಬಂದದ್ದಕ್ಕೇ ಎಲೆ ಮುಂದಿನಿಂದ ಎದ್ದುಹೋಗಿದ್ದರಂತೆ. ಅವರ ಹಿಂದೆ ಇಡೀ ಪಂಕ್ತಿಯೇ ಎದ್ದಿತಂತೆ.

ಪೂಜೆ ಮುಗಿಸಿ ಬಂದ ಅಕಲಂಕಯ್ಯ ಇಸ್ತ್ರಿ ಪಂಚೆ ಉಟ್ಟರು. ಸ್ಥಿತಿವಂತರ ಮನೆಯಂತೆ ಕಾಣಲೆಂದು ಮಳೆಯ ಚಳಿಯಲ್ಲೂ ಫ್ಯಾನು ಹಾಕಿಸಿದರು. ವಯಸ್ಸು ಕಾಣದಿರಲೆಂದು ಕನ್ನಡಕ ತೆಗೆದಿಟ್ಟರು. ಮೊಬೈಲನ್ನು ಹಿತ್ತಾಳೆ ಚೊಂಬಿಗೆ ಒರಗಿಸಿ, ಗಾಂಭೀರ್ಯ ಸಾಲದೆಂದು ಇನ್ನಷ್ಟು ಹಿಂದಕ್ಕೆ ವಾಲಿಸಿದರು. ಕರೆ ಹೋಯಿತು. ಪರದೆಯಲ್ಲಿ ಪದ್ಮರಾಜಯ್ಯನವರ ಮುಖ ಮೂಡಿತು.

"ಜೈ ಜಿನೇಂದ್ರ. ಮಳೆ ಹೆಂಗೆ ನಿಮ್ಮ ಕಡೆ?"

"ಜೈ ಜಿನೇಂದ್ರ. ಬರೋದು ಹೋಗೋದು ಮಾಡ್ತಿದೆ. ಕೊಬ್ಬರಿ ಹೆಂಗೆ ನಿಮ್ಮ ಕಡೆ?"

ಹೀಗೆ ಮಳೆಯೂ ಕೊಬ್ಬರಿಯೂ ಸಾಕಷ್ಟು ಹೊತ್ತು ಮಾತಾಡಿಕೊಂಡವು. ಮಗಳ ಮಾತು ಅಕಲಂಕಯ್ಯನವರ ಗಂಟಲವರೆಗೆ ಬರುವುದು, ಇಣುಕಿ ನೋಡಿ ಹಿಂತಿರುಗುವುದು. ಕೊನೆಗೆ ಕಣ್ಣು ಮುಚ್ಚಿ ಪಂಚಪರಮೇಷ್ಠಿಗಳನ್ನು ನೆನೆದು, ಈಗ ಹೇಳಿಯೇಬಿಡುವುದೆಂದು ಬಾಯಿ ತೆರೆದರು. ಆಗ ಬೀದಿಯಲ್ಲಿ ಮಳೆ ಧೋ ಎಂದಿತು. ಬೆನ್ನ ಹಿಂದೆ ಏನೋ ದರದರ ಎಳೆದ ಸದ್ದಾಯಿತು.

ಪಕ್ಕದ ಮನೆ ಹನುಮಕ್ಕ ತನ್ನ ಈರುಳ್ಳಿ ಚೀಲವನ್ನು ಮಳೆಯಿಂದ ಬಿಡಿಸಿಕೊಂಡು ಬಂದಿದ್ದಳು. ಯಾವತ್ತೂ ಹೊರಗಿನ ಜಗುಲಿಯಲ್ಲಿ ಇಡುವವಳು, ಎರಚಲು ಹೊಡೆಯುತ್ತಿದೆಯೆಂದು ಅವತ್ತು ಒಳಗೇ ತಂದಳು. "ಒಂದ್ ಗಳಿಗೆ ಇಲ್ಲಿರ್ಲಿ ಕಣಣ್ಣ, ಮಳೆ ನಿಂತ್ಕೂಡ್ಲೆ ಎತ್ಕೊಂಡ್ ಹೊಯ್ತೀನಿ" ಎಂದು ಹೇಳಿ ಹೋಗಿಯೂ ಬಿಟ್ಟಳು. ಚೀಲದ ಬಾಯಿ ಸಡಿಲಿತ್ತು. ಕೆಂಪನೆಯ ದಪ್ಪ ಈರುಳ್ಳಿಗಳು ಉರುಳುತ್ತ ಬಂದು ಅಕಲಂಕಯ್ಯನವರ ಕುರ್ಚಿಯ ಕಾಲ ಬಳಿ ಸಭೆ ಸೇರಿದವು.

ಅಕಲಂಕಯ್ಯ ಗಾಬರಿಯಿಂದ ಪರದೆ ನೋಡಿದರು. ಪದ್ಮರಾಜಯ್ಯನವರ ಮೂಗು ಮೇಲಕ್ಕೆ ಸುಕ್ಕುಗಟ್ಟಿತ್ತು. ಬಾಯಿ ಸೊಟ್ಟಗಾಗಿ ಅರ್ಧ ತೆರೆದಿತ್ತು. ಒಂದು ಕಣ್ಣು ಮುಚ್ಚಿತ್ತು. ಲೋಕದ ಸಮಸ್ತ ಅಸಹ್ಯವೂ ಆ ಮುಖದಲ್ಲಿ ಬಂದು ಹಾಗೆಯೇ ನಿಂತುಬಿಟ್ಟಿತ್ತು. ಆಮೇಲೆ ಮುಖ ಮಾಯವಾಯಿತು. ಅದಿದ್ದ ಜಾಗದಲ್ಲಿ ಒಂದು ಪುಟ್ಟ ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು, ಸಂಸಾರಚಕ್ರದ ಹಾಗೆ ಸುತ್ತುತ್ತಲೇ ಇತ್ತು.

"ಧರ್ಮಾ, ಕಟ್ ಮಾಡ್ಬಿಟ್ರು ಕಣೇ!"

"ಯಾಕೆ? ಏನಂದ್ರಿ ನೀವು?"

"ನಾನೇನೂ ಅನ್ನಲಿಲ್ಲ. ನೋಡಿದ್ರು. ನಮ್ಮನೇಲಿ ಈರುಳ್ಳಿ ನೋಡಿದ್ರು!"

ಧರ್ಮಾವತಿ ಒಮ್ಮೆ ನೆಲ ನೋಡಿದರು, ಒಮ್ಮೆ ಗಂಡನನ್ನು ನೋಡಿದರು, ಮತ್ತೆ ಅಲ್ಲೇ ಕುಸಿದು ಕುಳಿತರು. "ಬಸ್ಸಿಗೆ ಹೋಗಿ ಅಂದೆ. ಬಸ್ಸಿಗೆ ಹೋಗಿದ್ರೆ ಈರುಳ್ಳಿ ಇಲ್ಲೇ ಇರ್ತಿತ್ತು, ನೀವು ಅಲ್ಲಿರ್ತಿದ್ರಿ."

ಅಕಲಂಕಯ್ಯ ಮತ್ತೆ ಕರೆ ಮಾಡಿದರು. ಚಕ್ರ. ಇನ್ನೊಮ್ಮೆ ಮಾಡಿದರು. ಚಕ್ರ. ಬೆರಳಲ್ಲಿ ಅಕ್ಷರ ಹುಡುಕಿ "ಅದು ನಮ್ಮದಲ್ಲ" ಎಂದು ಬರೆದು ಕಳಿಸಿದರು. ಉತ್ತರವಿಲ್ಲ. "ನಮ್ಮದಲ್ಲವೇ ಅಲ್ಲ" ಎಂದು ಬರೆದರು. "ಪಕ್ಕದ ಮನೆಯವರದು" ಎಂದರು. "ಅದನ್ನು ನಾವು ಮುಟ್ಟುವುದೂ ಇಲ್ಲ" ಎಂದರು. ಕೊನೆಗೆ ಮಾಮೂಲಿ ಫೋನನ್ನೇ ಮಾಡಿದರು. ಆ ಕಡೆ ಎಂಗೇಜು. ಬಿಟ್ಟು ಮಾಡಿದರೂ ಎಂಗೇಜು. ನಮ್ಮ ಹಣೆಬರಹವನ್ನೇ ಊರೆಲ್ಲ ಫೋನು ಮಾಡಿ ಹೇಳುತ್ತಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು.

ಇರುವೆಯನ್ನು ಬಳಸಿ ನಡೆಯುವ ಅಕಲಂಕಯ್ಯನವರು ಆ ಗಳಿಗೆಯಲ್ಲಿ ಮಾಡಿದ್ದನ್ನು ಹೇಳಲು ನಾಲಗೆ ಹಿಂಜರಿಯುತ್ತದೆ. ಚೀಲವನ್ನು ಎಳೆದುಕೊಂಡು ಹೋಗಿ, ಬೀದಿಗೆ ತಂದು, ಒದ್ದರು. ಚರಂಡಿಯ ಮಳೆನೀರು ಈರುಳ್ಳಿಗಳನ್ನು ಎತ್ತಿಕೊಂಡು ಕೆರೆಯ ಕಡೆ ಮೆರವಣಿಗೆ ಹೊರಟಿತು.

"ಯಾರದ್ದು ಇದು? ಯಾರ್ ಇಟ್ಟಿದ್ದು ನಮ್ಮನೇಲಿ? ನನ್ನ ಮಗಳ ಬಾಳಿಗೇ ಕಲ್ಲು ಹಾಕಿದ್ರಲ್ಲ!" ಎಂದು ಅವರು ಕೂಗಿದ್ದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕೇಳಿಸಿತು. ಅಷ್ಟು ಜೋರಾದ ಗಂಟಲು ಅವರಿಗಿದೆಯೆಂದು ಅವರ ಹೆಂಡತಿಗೂ ಗೊತ್ತಿರಲಿಲ್ಲ.

ಹನುಮಕ್ಕ ಸೊಂಟಕ್ಕೆ ಕೈಕೊಟ್ಟು ಬಾಗಿಲಿಗೆ ಬಂದಳು. ತೇಲಿಹೋಗುತ್ತಿದ್ದ ಈರುಳ್ಳಿಗಳನ್ನು ನೋಡಿದಳು. "ಯಾಕಣ್ಣ, ನನ್ನ ಈರುಳ್ಳಿ ಏನ್ ಪಾಪ ಮಾಡಿತ್ತು? ಅದೇನ್ ನಿಮ್ಮ ಬಾಯೊಳಕ್ಕೆ ನುಗ್ತಾ?"

"ನಿನ್ನ ಈರುಳ್ಳಿಯಿಂದ ನಮ್ಮ ಸಂಬಂಧ ಮುರೀತು!"

"ಅಯ್ಯೋ ಸಿವನೇ! ಈರುಳ್ಳಿಗೆ ಮುರಿಯೋ ಸಂಬಂಧ ನಾಳೆ ಹುಣಸೆಹಣ್ಣಿಗೂ ಮುರಿಯಲ್ವಾ? ನಾಳೆ ನನ್ನ ಮಗಳ ಮನೆ ಗೃಹಪ್ರವೇಶ, ಅಡುಗೆಗೆ ಅಂತ ಆರಿಸಿ ಆರಿಸಿ ಇಟ್ಟಿದ್ದೆ."

ಅಕಲಂಕಯ್ಯನವರ ಕೈ ತಾನಾಗಿ ಜೇಬಿಗೆ ಹೋಯಿತು. ಹನುಮಕ್ಕ ಕೈಯೆತ್ತಿ ತಡೆದಳು. "ಕಾಸು ಬ್ಯಾಡ ಕಣಣ್ಣ. ಕಾಸು ಕೊಟ್ಟು ಕೈ ತೊಳ್ಕೊಬ್ಯಾಡಿ. ಒದ್ದಿದ್ದು ಈರುಳ್ಳೀನ, ತಂದ್ಕೊಡೋದೂ ಈರುಳ್ಳೀನೇ. ನೀವೇ ತರ್ಬೇಕು, ದೀಪ ಹಚ್ಚೋದ್ರೊಳ್ಗೆ." ಬಾಗಿಲು ಹಾಕಿಕೊಂಡಳು.

ಬೀದಿಯವರು ನ್ಯಾಯ ಹನುಮಕ್ಕನ ಕಡೆಗಿದೆಯೆಂದೂ ದುಃಖ ಅಕಲಂಕಯ್ಯನವರ ಕಡೆಗಿದೆಯೆಂದೂ ತೀರ್ಮಾನಿಸಿ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಅಕಲಂಕಯ್ಯ ನೇರವಾಗಿ ಬಸ್ ನಿಲ್ದಾಣದ ಬಳಿಯ ಮೊಬೈಲ್ ಅಂಗಡಿಗೆ ನಡೆದರು. ಅಂಗಡಿಯ ಲೋಕೇಶ ಯಾರದೋ ಫೋನಿನ ಹೊಟ್ಟೆ ಬಿಚ್ಚಿ ತಲೆ ತಗ್ಗಿಸಿ ಕುಳಿತಿದ್ದ.

"ಲೋಕೇಶ, ನನ್ನ ಸ್ನೇಹಿತರೊಬ್ಬರು ಕೇಳ್ತಿದ್ರು. ಆ ಆ್ಯಪಲ್ಲಿ ಯಾರಾದ್ರೂ ನಮ್ಮನ್ನ ದೂರ ಮಾಡಿದ್ರೆ ಹೆಂಗ್ ಗೊತ್ತಾಗುತ್ತೆ?"

"ಬ್ಲಾಕ್ ಮಾಡೋದಾ? ಸುಲಭ ಸರ್. ನೀವು ಕರೆ ಮಾಡಿದ್ರೆ ಹೋಗಲ್ಲ."

"ಹೋಗ್ತಿಲ್ಲ."

"ಮೆಸೇಜು ಹಾಕಿದ್ರೆ ಮುಟ್ಟಲ್ಲ."

"ಮುಟ್ಟಿಲ್ಲ."

"ಹಂಗಾದ್ರೆ ಮಾಡವ್ರೆ ಬಿಡಿ. ನಿಮ್ಮ ಸ್ನೇಹಿತರಿಗೆ ಹೇಳಿ, ಆಸೆ ಬಿಟ್ಬಿಡ್ಲಿ ಅಂತ."

ಲೋಕೇಶ ತಲೆ ಎತ್ತಿದಾಗ ಅಂಗಡಿಯ ಮುಂದೆ ಅಕಲಂಕಯ್ಯ ಇರಲಿಲ್ಲ. ಅವರ ಜಾಗದಲ್ಲಿ ಆರೇಳು ಜನ ತಮ್ಮ ತಮ್ಮ ಫೋನು ಹಿಡಿದು, "ಏನ್ಲಾ ಇದು, ಬೆಳಗ್ಗೆಯಿಂದ ಬರೀ ಸುತ್ತಾ ಐತೆ" ಎಂದು ನಿಂತಿದ್ದರು. ಆ ಕರೆಯ ಆ್ಯಪು ನಮ್ಮೂರೊಂದರಲ್ಲೇ ಅಲ್ಲ, ದೇಶದಲ್ಲೆಲ್ಲ ಕೆಟ್ಟು ನಿಂತಿದೆಯೆಂದು ಲೋಕೇಶನಿಗೆ ಆಗ ತಿಳಿಯಿತು. ಅಕಲಂಕಯ್ಯ ಅಷ್ಟರಲ್ಲಿ ಬಾಣಾವರದ ಮೇಲೆ ಅರಸೀಕೆರೆಗೆ ಹೋಗುವ ಮಧ್ಯಾಹ್ನದ ಬಸ್ಸಿನ ಕಿಟಕಿಯ ಪಕ್ಕ ಕುಳಿತಿದ್ದರು. ಒಂದು ಕ್ಷಣ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವರ ಲೆಕ್ಕಾಚಾರ ಹೀಗಿತ್ತು. ಅರಸೀಕೆರೆಗೆ ಹೋಗಿ ಪದ್ಮರಾಜಯ್ಯನವರ ಮುಂದೆ ನಿಂತು ಈರುಳ್ಳಿ ತಮ್ಮದಲ್ಲವೆಂದು ಪ್ರಮಾಣ ಮಾಡುವುದು. ಬರುವಾಗ ತಮ್ಮನ್ನು ಬಲ್ಲವರಿಲ್ಲದ ಊರಿನಲ್ಲಿ ಹನುಮಕ್ಕನ ಈರುಳ್ಳಿ ಕೊಳ್ಳುವುದು. ಹಳೇಬೀಡಿನ ಸಂತೆಬೀದಿಯಲ್ಲಿ ಅಕಲಂಕಯ್ಯ ಈರುಳ್ಳಿ ಕೊಂಡರೆಂದರೆ ಮಗಳ ಮದುವೆಯಿರಲಿ, ಮೊಮ್ಮಕ್ಕಳ ಮದುವೆಯೂ ಕಷ್ಟವೇ.

ಜಾವಗಲ್ಲು ದಾಟುವಾಗ ಮುಂದಿನ ಸೀಟಿನ ಹೆಂಗಸು ಪಕ್ಕದವಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಹಳೇಬೀಡಲ್ಲಿ ಒಂದ್ ಜೈನರ ಹುಡುಗಿ ಅಂತೆ. ಗಂಡಿನ ಕಡೇರು ಫೋನ್ನಾಗೆ ನೋಡ್ತಾವ್ರೆ, ಇವಳು ಹಸೀ ಈರುಳ್ಳಿ ಕಡ್ಕೊಂಡು ತಿಂತಾ ನಿಂತಿದ್ಳಂತೆ!"

"ಹುಡುಗಿ ಮನೇಲೇ ಇರಲಿಲ್ಲ" ಎಂದರು ಅಕಲಂಕಯ್ಯ, ತಡೆಯಲಾರದೆ.

ಹೆಂಗಸು ತಿರುಗಿ ನೋಡಿದಳು. "ನಿಮಗೆಂಗೊತ್ತು?"

"ಕೇಳಿದೆ."

"ನೀವ್ ಕೇಳಿದ್ದು ಸರಿಯಿಲ್ಲ ಬುಡಿ. ನಾನು ಕಂಡೋರ ಬಾಯಿಂದ್ಲೇ ಕೇಳಿದ್ದು. ಅವರಪ್ಪನೂ ತಿಂದ್ನಂತೆ."

ಅಕಲಂಕಯ್ಯ ಬಸ್ಸು ಹತ್ತಿದಾಗಿನಿಂದ ಮಾಡುತ್ತಿದ್ದ ಫೋನನ್ನು ಮತ್ತೆ ಮಾಡಿ, ಅದೇ ಎಂಗೇಜು ಕೇಳಿ, ಕಿಟಕಿಯಾಚೆ ತೆಂಗಿನ ತೋಟಗಳನ್ನು ನೋಡತೊಡಗಿದರು. ಅರಸೀಕೆರೆ ಹತ್ತಿರವಾದಂತೆಲ್ಲ ಅವರ ಧೈರ್ಯ ಒಂದೊಂದೇ ನಿಲ್ದಾಣದಲ್ಲಿ ಇಳಿದುಹೋಗುತ್ತಿತ್ತು. ಬಾಣಾವರದಲ್ಲಿ ಉಳಿದದ್ದೂ ಇಳಿಯಿತು. ಅದರ ಹಿಂದೆ ಅವರೂ ಇಳಿದರು. ಮೊದಲು ಹನುಮಕ್ಕನ ಬಾಕಿ ತೀರಿಸುವುದೇ ಧರ್ಮ, ಅರಸೀಕೆರೆ ಎಲ್ಲಿ ಹೋಗುತ್ತದೆ ಎಂದು ಮನಸ್ಸಿಗೆ ಹೇಳಿದರು. ಮನಸ್ಸು ತಕ್ಷಣ ಒಪ್ಪಿತು.

ಬಸ್ ನಿಲ್ದಾಣದ ಪಕ್ಕದಲ್ಲಿ ಮರಿಯಣ್ಣ ಎಂಬವನ ಈರುಳ್ಳಿ ರಾಶಿ. ಅಕಲಂಕಯ್ಯ ಸುತ್ತ ನೋಡಿ, ಕಳ್ಳಮಾಲು ಕೇಳುವವರಂತೆ ಪಿಸುಗುಟ್ಟಿದರು. "ಒಂದು ಚೀಲ ಬೇಕಿತ್ತು."

"ಏನು?"

"ಅದೇ. ನಿಮ್ಮ ಮುಂದಿರೋದು."

"ಈರುಳ್ಳೀನಾ?" ಎಂದು ಮರಿಯಣ್ಣ ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದ. "ಬನ್ನಿ ಸ್ವಾಮಿ, ಮುಟ್ಟಿ ನೋಡಿ, ಒತ್ತಿ ನೋಡಿ, ಗಟ್ಟಿ ಮಾಲು!"

"ಬೇಡ ಬೇಡ, ನಂಬಿಕೆಯಿದೆ."

"ನಂಬ್ಕೆ ಮ್ಯಾಲೆ ಈರುಳ್ಳಿ ತಗಳ್ಳೋರ್ನ ಇವತ್ತೇ ಕಂಡಿದ್ದು" ಎನ್ನುತ್ತ ಅವನು ಚೀಲ ತುಂಬಿದ. ಅಕಲಂಕಯ್ಯನವರ ಟವಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟು ಅದರ ಮೇಲೆ ಚೀಲವನ್ನು ಕೂರಿಸಿದ. ಎರಡೂ ಕೈಯಿಂದ ಅದನ್ನು ಹಿಡಿದು ಅಕಲಂಕಯ್ಯ ತಿರುಗಿದರು. ತಿರುಗಿದವರು ಹಾಗೆಯೇ ನಿಂತರು.

ಅರಸೀಕೆರೆಯಿಂದ ಬಂದ ಬಸ್ಸಿನಿಂದ ಬಿಳಿಯ ಜುಬ್ಬಾ ತೊಟ್ಟು, ಬುತ್ತಿಯ ಕೈಚೀಲ ಹಿಡಿದು, ಹಳೇಬೀಡಿನ ಬಸ್ಸು ಎಲ್ಲಿ ಎಂದು ವಿಚಾರಿಸುತ್ತ ಇಳಿಯುತ್ತಿದ್ದವರು ಪದ್ಮರಾಜಯ್ಯ.

ಓಡಬೇಕೆಂದರೆ ತಲೆಯ ಮೇಲೆ ಭಾರ. ಮುಖ ಮುಚ್ಚಿಕೊಳ್ಳೋಣವೆಂದರೆ ಕೈ ಬಿಡುವಿಲ್ಲ. ಪದ್ಮರಾಜಯ್ಯ ನೋಡಿಯೇಬಿಟ್ಟರು, ದಡಬಡಿಸಿ ಹತ್ತಿರ ಬಂದರು.

"ನಂದೇ ತಪ್ಪು" ಎಂದರು ಇಬ್ಬರೂ ಒಟ್ಟಿಗೆ.

"ಇಲ್ಲ ಇಲ್ಲ, ನಂದು" ಎಂದರು ಪದ್ಮರಾಜಯ್ಯ. "ಮೊದಲ ಮಾತಿಗೇ ನಾನು ಹಂಗೆ ಕೇಳಬಾರದಿತ್ತು. ನೀವು ಕಟ್ ಮಾಡಿದ್ದು ನ್ಯಾಯವೇ. ನನ್ನ ಮಗ ಊಟಕ್ಕೂ ಕೂತಿಲ್ಲ, ಹೋಗಿ ಸರಿ ಮಾಡ್ಕೊಂಡು ಬನ್ನಿ ಅಂತ ಅಟ್ಟಿದ. ಬೆಳಗ್ಗೆಯಿಂದ ನಿಮಗೆ ಫೋನ್ ಮಾಡ್ತಾನೇ ಇದೀನಿ, ಬರೀ ಎಂಗೇಜು."

"ನಾನೂ ನಿಮಗೇ ಮಾಡ್ತಿದ್ದೆ! ಕಟ್ ಮಾಡಿದ್ದು ನಾನಲ್ಲ, ನೀವು. ಅದನ್ನ ಅಲ್ಲಿಗೆ ತರೋಕೆ ನಾನು ಬಿಡಬಾರದಿತ್ತು."

"ಏನನ್ನ?"

"ನೀವು ನೋಡಿದ್ದನ್ನ."

"ನಾನೇನು ನೋಡಿದೆ? ನನಗೆ ಕೊನೇವರೆಗೂ ಕಂಡಿದ್ದು ನಿಮ್ಮನೆ ಫ್ಯಾನು ಒಂದೇ. ತುಂಬಾ ಚೆನ್ನಾಗಿ ತಿರುಗ್ತಿತ್ತು."

ಅಕಲಂಕಯ್ಯನವರಿಗೆ ಪರದೆಯ ಮೂಲೆಯ ಸಣ್ಣ ಚೌಕ ನೆನಪಾಯಿತು. ಅದರಲ್ಲಿ ಗಿರಗಿರ ತಿರುಗುತ್ತಿದ್ದುದನ್ನು ಅವರು ಯಾವುದೋ ಜಾಹೀರಾತು ಎಂದುಕೊಂಡಿದ್ದರು.

"ಮತ್ತೆ ಮುಖ ಯಾಕೆ ಹಂಗೆ ಮಾಡಿದ್ರಿ?"

"ಸೀನು ಬಂತು. ಸೀನಿಬಿಟ್ಟು ಒಂದು ಮಾತು ಕೇಳಿದೆ. ಉತ್ತರ ಬರಲಿಲ್ಲ, ಕರೆ ಕಡೀತು. ನಿಮಗೆ ಸಿಟ್ಟು ಬಂತು ಅಂತ ತಿಳ್ಕೊಂಡೆ."

"ಏನು ಕೇಳಿದ್ರಿ?"

ಪದ್ಮರಾಜಯ್ಯ ಕಣ್ಣು ಕಿರಿದು ಮಾಡಿದರು. ಬೆಳಗಿನಿಂದ ಬಾಗಿದ್ದ ಅವರ ಬೆನ್ನು ನಿಧಾನವಾಗಿ ನೆಟ್ಟಗಾಯಿತು. "ನಿಮಗೆ ಕೇಳಿಸ್ಲೇ ಇಲ್ವಾ?"

"ಇಲ್ಲ."

"ಓಹೋ. ಹಂಗಿದ್ರೆ ಇನ್ನೊಂದ್ಸಲ ಕೇಳೋದ್ರಲ್ಲಿ ತಪ್ಪೇನಿಲ್ಲ. ಮದುವೆ ಆದ್ಮೇಲೆ ಹುಡುಗಿ ಕೆಲಸ ಬಿಟ್ಟು..."

ಆಗಲೇ ಅಕಲಂಕಯ್ಯನವರ ಅಂಗಿಯ ಜೇಬು ಟಿಣ್ ಎಂದಿತು. ಮತ್ತೆ ಟಿಣ್ ಎಂದಿತು. ಬೆಳಗಿನಿಂದ ದಾರಿ ತಪ್ಪಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಮನೆ ಸೇರುತ್ತಿದ್ದವು. ನಿಲ್ದಾಣದ ತುಂಬ ಫೋನುಗಳು ಕೂಗಿಕೊಂಡವು. "ಬಂತು ಕಣ್ರೋ! ದೇಶಕ್ಕೇ ನಿಂತೋಗಿದ್ದು ಈಗ ಬಂತು!" ಎಂದು ಬಸ್ಸಿನ ಬಾಗಿಲಿಂದ ಕಂಡಕ್ಟರು ಸಾರಿದ. ಅಕಲಂಕಯ್ಯನವರ ಕೈ ಬಿಡುವಿಲ್ಲದ್ದನ್ನು ಕಂಡು ಉಪಕಾರಿ ಮರಿಯಣ್ಣ ತಾನೇ ಅವರ ಫೋನನ್ನು ಎಳೆದು, ಬೆಲೆ ಕೂಗುವ ದನಿಯಲ್ಲೇ ಓದಿದ.

"'ಹುಡುಗಿ ಕೆಲಸ ಬಿಡಬೇಕಾಗಿಲ್ಲ.' ಪದ್ಮರಾಜಯ್ಯ ಅರಸೀಕೆರೆ ಅಂತ ಐತೆ. ಇನ್ನೊಂದೈತೆ ತಡೀರಿ. 'ಖಂಡಿತ ಬಿಡಬೇಕಾಗಿಲ್ಲ. ಸಿಟ್ಟಾಗಬೇಡಿ.' ಮತ್ತೊಂದು, 'ನನ್ನ ಮಾತು ವಾಪಸ್ ತಗೊಂಡಿದ್ದೇನೆ.' ಯಾರು ಸ್ವಾಮಿ ಇವರು ಪದ್ಮರಾಜಯ್ಯ? ಭಾಳ ಒಳ್ಳೇರು!"

ಭಾಳ ಒಳ್ಳೆಯವರಾದ ಪದ್ಮರಾಜಯ್ಯ ಕೆಮ್ಮಿದರು. "ಅದು ಅವಸರದಲ್ಲಿ ಬರೆದದ್ದು. ಮಗ ಪಕ್ಕದಲ್ಲಿ ನಿಂತಿದ್ದ."

ಅಕಲಂಕಯ್ಯನವರು ಜೀವಮಾನದಲ್ಲಿ ದೊಡ್ಡವರ ಮುಂದೆ ತಲೆಯೆತ್ತಿ ಮಾತಾಡಿದವರಲ್ಲ. ಆದರೆ ಆ ಹೊತ್ತು ತಲೆ ತಗ್ಗಿಸಿದರೆ ಈರುಳ್ಳಿ ಬೀಳುತ್ತಿತ್ತು. ಕತ್ತು ನೆಟ್ಟಗೆ ಇಟ್ಟುಕೊಂಡೇ ಹೇಳಿದರು.

"ಬರೆದದ್ದು ಬರೆದದ್ದೇ ಪದ್ಮರಾಜಯ್ಯನೋರೇ. ಸಿದ್ಧಿ ಕೆಲಸ ಬಿಡಲ್ಲ. ನಾನು ಬೆಳಗ್ಗೆ ಹೇಳಬೇಕಾಗಿದ್ದ ಮೊದಲ ಮಾತು ಅದು. ಹೆದರಿಕೊಂಡು ಕೊಬ್ಬರಿ ಬೆಲೆ ಕೇಳ್ತಾ ಕೂತಿದ್ದೆ."

ಅಷ್ಟರಲ್ಲಿ ಪದ್ಮರಾಜಯ್ಯನವರ ಫೋನೂ ಟಿಣ್‌ಗುಟ್ಟಿತು. ಕನ್ನಡಕ ಏರಿಸಿ ಓದಿದರು. "'ಅದು ನಮ್ಮದಲ್ಲ.' 'ನಮ್ಮದಲ್ಲವೇ ಅಲ್ಲ.' 'ಪಕ್ಕದ ಮನೆಯವರದು.' 'ಅದನ್ನು ನಾವು ಮುಟ್ಟುವುದೂ ಇಲ್ಲ.'" ಓದಿ, ಕಣ್ಣೆತ್ತಿ, ಅಕಲಂಕಯ್ಯನವರ ತಲೆಯ ಮೇಲಿನ ಚೀಲವನ್ನು ಬಹಳ ಹೊತ್ತು ನೋಡಿದರು. ಚೀಲದ ಸಂದಿಯಿಂದ ಕೆಂಪು ಸಿಪ್ಪೆಯೊಂದು ಉದುರಿ ಅವರ ಜುಬ್ಬಾದ ಮೇಲೆ ಕುಳಿತಿತು.

ಅಕಲಂಕಯ್ಯ ಎಲ್ಲವನ್ನೂ ಹೇಳಿದರು. ಚೀಲ ಬಂದದ್ದು, ತಾವು ಒದ್ದದ್ದು, ಹನುಮಕ್ಕ ಅಂದದ್ದು, ಒಂದನ್ನೂ ಬಿಡಲಿಲ್ಲ. ಪಂಕ್ತಿಯಿಂದ ಎದ್ದುಹೋದ ಮಹಾನುಭಾವರು ಈಗ ನಿಲ್ದಾಣದಿಂದಲೂ ಎದ್ದುಹೋಗುತ್ತಾರೆಂದು ಕಾದು ನಿಂತರು.

ಪದ್ಮರಾಜಯ್ಯ ಆಕಾಶ ನೋಡಿದರು. "ಹೊತ್ತು ಇಳೀತಿದೆ. ಮೊದಲು ಚೀಲ ಇಳಿಸಿ, ಊಟ ಮಾಡಿ. ಮುಳುಗಿದ್ಮೇಲೆ ನಾನೂ ತಿನ್ನಂಗಿಲ್ಲ, ನೀವೂ ತಿನ್ನಂಗಿಲ್ಲ." ಬುತ್ತಿ ಬಿಚ್ಚಿದರು. ಕಲ್ಲುಬೆಂಚಿನ ಒಂದು ತುದಿಯಲ್ಲಿ ಈರುಳ್ಳಿ ಚೀಲ, ನಡುವೆ ಬುತ್ತಿ, ಆಚೆ ಬೀಗರಾಗಲಿದ್ದ ಇಬ್ಬರು. ಎರಡು ತುತ್ತು ಇಳಿದ ಮೇಲೆ ಪದ್ಮರಾಜಯ್ಯ, "ಬರೆದದ್ದು ಬರೆದದ್ದೇ ಅನ್ನಿ. ಇನ್ನೇನು ಮಾಡೋದು, ಬಾಣಾವರಕ್ಕೆಲ್ಲ ಗೊತ್ತಾಯ್ತು" ಎಂದರು. ತುಸು ನಕ್ಕ ಹಾಗೂ ಕಂಡಿತು.

ಇಬ್ಬರೂ ಹಳೇಬೀಡಿನಲ್ಲಿ ಇಳಿದಾಗ ಬೇಲೂರಿನ ಬಸ್ಸೂ ಆಗಷ್ಟೇ ಬಂದು ನಿಂತಿತ್ತು. ಸಿದ್ಧಿ ಇಳಿದಳು. "ಅಪ್ಪ, ಮಧ್ಯಾಹ್ನವೆಲ್ಲ ನಿಮಗೆ ಫೋನ್ ಮಾಡಿದೆ, ಯಾವಾಗ್ಲೂ ಎಂಗೇಜು! ಆ್ಯಪು ಕೆಟ್ಟಿದೆ, ಗಾಬರಿಯಾಗ್ಬೇಡಿ ಅಂತ ಹೇಳೋಣ ಅಂತ..." ಎನ್ನುತ್ತ ಬಂದವಳು ಅಪ್ಪನ ಒಂದು ಕೈಯನ್ನೂ ಭಾವೀ ಮಾವನವರ ಒಂದು ಕೈಯನ್ನೂ ಅವುಗಳ ನಡುವೆ ತೂಗುತ್ತಿದ್ದ ಈರುಳ್ಳಿ ಚೀಲವನ್ನೂ ನೋಡಿ ಮಾತು ನಿಲ್ಲಿಸಿದಳು. ಅಕಲಂಕಯ್ಯ ಜೇಬಿನಿಂದ ಫೋನು ತೆಗೆದು ಅವಳ ಕೈಗೆ ಕೊಟ್ಟರು. ಅವಳು ಓದಿದಳು.

"ನೀವೇ ಮೊದಲು ಹೇಳಿದ್ರಾ ಅಪ್ಪ?"

"ಮೊದಲಲ್ಲ ಕಣಮ್ಮ. ಕೊನೇಲಿ ಹೇಳಿದೆ."

ಸಿದ್ಧಿ ಪದ್ಮರಾಜಯ್ಯನವರ ಕೈಯಿಂದ ಚೀಲದ ಕಿವಿಯನ್ನು ಬಿಡಿಸಿ ತಾನು ಹಿಡಿದುಕೊಂಡಳು.

ಮೂವರೂ ಬೀದಿಗೆ ಕಾಲಿಟ್ಟಾಗ ಜಗುಲಿಗಳೆಲ್ಲ ತುಂಬಿದ್ದವು. ಧರ್ಮಾವತಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡರು. ಹನುಮಕ್ಕ ದೀಪದ ಬತ್ತಿ ಹೊಸೆಯುತ್ತ ಕುಳಿತಿದ್ದಳು, ಎದ್ದು ನಿಲ್ಲಲಿಲ್ಲ.

"ತಪ್ಪಾಯ್ತು ಹನುಮಕ್ಕ" ಎಂದರು ಅಕಲಂಕಯ್ಯ, ಗಂಟಲೊಳಗೇ.

"ಕೇಳಿಸ್ನಿಲ್ಲ ಕಣಣ್ಣ. ಬೈದಾಗ ಕೆರೆ ಏರಿವರೆಗೂ ಕೇಳಿಸ್ತು."

ಅಕಲಂಕಯ್ಯ ಬೀದಿಯ ಕಡೆ ತಿರುಗಿದರು. ಉಸಿರೆಳೆದುಕೊಂಡರು. "ಹನುಮಕ್ಕಂದು ಏನೂ ತಪ್ಪಿಲ್ಲ. ತಪ್ಪು ನಂದು!" ಎಂದು ಕೂಗಿದರು. ಬಸದಿಯ ಗೋಡೆಯ ಪಾರಿವಾಳಗಳು ಒಮ್ಮೆ ಹಾರಿ ಮತ್ತೆ ಕುಳಿತವು.

ಆಮೇಲೆ ಅವರು ಬಗ್ಗಿ, ಮಗಳ ಜೊತೆ ಚೀಲವನ್ನು ಹನುಮಕ್ಕನ ಹೊಸ್ತಿಲ ಒಳಗೆ, ಸದ್ದಾಗದಂತೆ ಇಳಿಸಿದರು. ಬಾಯಿ ಸಡಿಲಿತ್ತು. ಉರುಳಿ ಹೊರಬಂದ ಒಂದೇ ಒಂದು ಈರುಳ್ಳಿಯನ್ನು ಕೈಯಿಂದಲೇ ಎತ್ತಿ, ಒಳಗೆ ಹಾಕಿ, ಬಾಯಿ ಕಟ್ಟಿದರು.